ಬಲಗಾಲಿನ ಹಿಮ್ಮಡಿ

ಡಬಲ್ಲಣ್ಣನ ಮಗಳು ಹುಟ್ಟಿದ ಗಳಿಗೆಯಲ್ಲಿ ಅಳಲೇ ಇಲ್ಲ. ಡಾಕ್ಟರಮ್ಮ ಕೂಸನ್ನು ತಲೆಕೆಳಗಾಗಿ ಹಿಡಿದು ಬೆನ್ನಿಗೆ ತಟ್ಟಿದರು, ತುಟಿ ಪಿಟಕ್ಕೆನ್ನಲಿಲ್ಲ. ಇನ್ನೊಮ್ಮೆ ತಟ್ಟಿದರು. ಕೂಸು ತಲೆಕೆಳಗಾಗಿಯೇ ಕಣ್ಣು ಬಿಟ್ಟು ಡಾಕ್ಟರಮ್ಮನ ಮುಖವನ್ನು ಎಷ್ಟು ನಿಧಾನವಾಗಿ ನೋಡಿತೆಂದರೆ, ಸಾವಿರಾರು ಹೆರಿಗೆ ಮಾಡಿಸಿದ ಆ ಹೆಂಗಸು ಕೈಗವಸು ಕಳಚಿ ಟ್ರೇಯಲ್ಲಿಟ್ಟು, "ನಾನು ಸೋತೆ" ಎಂದು ಹೊರಗೆ ನಡೆದುಬಿಟ್ಟರು. ಬಾಗಿಲಲ್ಲಿ ಕಾಯುತ್ತಿದ್ದ ಡಬಲ್ಲಣ್ಣನಿಗೆ ಆಗಲೇ ಗೊತ್ತಾಯಿತಂತೆ, ಈ ಹುಡುಗಿ ಇಸ್ಪೀಟಿನಲ್ಲಿ ಲೋಕವನ್ನೇ ಗೆಲ್ಲುತ್ತಾಳೆ ಎಂದು.

ಇದನ್ನು ನಂಬದವರು ಅವನ ಚಪ್ಪಲಿ ಅಂಗಡಿಗೇ ಹೋಗಿ ಕೇಳಬಹುದಿತ್ತು. ಅಲ್ಲಿ ಅವನು ಇನ್ನೊಬ್ಬ ಡಾಕ್ಟರನ್ನೂ ಇಬ್ಬರು ನರ್ಸುಗಳನ್ನೂ ಸೇರಿಸಿ ಹೇಳುತ್ತಿದ್ದ. ಡಬಲ್ ಎಂಬ ಹೆಸರು ಅವನಿಗೆ ಬಂದದ್ದೇ ಹಾಗೆ. ಅವನು ಹೇಳಿದ್ದನ್ನು ಅರ್ಧ ಮಾಡಿ, ಉಳಿದದ್ದನ್ನು ಮತ್ತೆ ಅರ್ಧ ಮಾಡಿ, ಅದರಲ್ಲಿ ಒಂದಿಷ್ಟು ಜಾಡಿಸಿ ತೆಗೆದರೆ ನಿಜ ಸಿಗುತ್ತದೆ ಎಂಬುದು ಬೀದಿಯವರ ಲೆಕ್ಕ. ಪಕ್ಕದ ವಾಚ್ ರಿಪೇರಿಯ ಮುದುಕ ಮಾತ್ರ, "ಅಷ್ಟು ಮಾಡಿದ್ರೂ ಏನೂ ಉಳಿಯಲ್ಲ, ಸುಮ್ನೆ ಶ್ರಮ" ಅನ್ನುತ್ತಿದ್ದ.

ಅಂಗಡಿ ಎಂದರೆ ಎರಡು ಮಾರಿನ ಗೂಡು. ಡಬಲ್ಲಣ್ಣನ ಬಾಯಲ್ಲಿ ಅದು ಷೋರೂಮು. ಗೋಡೆ ಕಾಣದ ಹಾಗೆ ಸೂರಿನವರೆಗೂ ಡಬ್ಬಗಳು; ಮೇಲಿನ ಸಾಲಿನವನ್ನು ಇಳಿಸಲು ತುದಿಗೆ ಕೊಕ್ಕೆ ಕಟ್ಟಿದ ಒಂದು ಕೋಲು. ಗಾಜಿನ ಹಿಂದೆ ನೋಡಲಿಕ್ಕೆಂದು ಇಟ್ಟವೆಲ್ಲ ಎಡಗಾಲಿನವೇ, ಒಂಟಿ ಶೂ ಕದ್ದು ಯಾವ ಕಳ್ಳನೂ ಏನೂ ಮಾಡಲಾರ ಎಂದು. ಗಿರಾಕಿಗೆ ಒಂದು ಬೆಂಚು. ಅದರ ಎದುರಿಗೆ ಇಳಿಜಾರಿನ ಕಾಲ್ಮಣೆ ಇರುವ ಗಿಡ್ಡ ಸ್ಟೂಲು, ಅದು ಡಬಲ್ಲಣ್ಣನದು. ನೆಲಕ್ಕೆ ಒರಗಿಸಿದ ಕನ್ನಡಿಯಲ್ಲಿ ಮೊಣಕಾಲಿನವರೆಗೆ ಮಾತ್ರ ಕಾಣುತ್ತಿತ್ತು. ವರ್ಷಾನುಗಟ್ಟಲೆ ಆ ಸ್ಟೂಲಿನ ಮೇಲೆ ಕೂತ ಮೇಲೆ ಮನುಷ್ಯರೆಂದರೆ ಮೊದಲು ಪಾದ, ಆಮೇಲೆ ಉಳಿದದ್ದು ಎಂದಾಗಿಹೋಗಿತ್ತು ಅವನಿಗೆ. ಬೀದಿಯಲ್ಲಿ ಯಾರಾದರೂ ನಮಸ್ಕಾರ ಎಂದರೆ ಕೆಳಗೆ ನೋಡಿ ಗುರುತು ಹಿಡಿದು, ಮೇಲೆ ನೋಡಿ ನಗುತ್ತಿದ್ದ.

ಮಗಳು ಮೇಲೆ ಬಂದದ್ದು ಹೇಗೆ ಎಂಬುದಕ್ಕೆ ಎರಡು ಕಥೆಗಳಿದ್ದವು. ಡಬಲ್ಲಣ್ಣನ ಕಥೆಯಲ್ಲಿ ಅವಳು ಹಾಲುಹಲ್ಲು ಬೀಳುವ ಮೊದಲೇ ಅಪ್ಪನ ತೊಡೆಯ ಮೇಲೆ ಕೂತು ಐವತ್ತೆರಡು ಎಲೆಗಳನ್ನೂ ಬಾಯಿಪಾಠ ಮಾಡಿದ್ದಳು. ಶೂ ಡಬ್ಬದ ಮುಚ್ಚಳಗಳನ್ನು ಕತ್ತರಿಸಿ ಅಪ್ಪ ಎಲೆ ಮಾಡಿಕೊಟ್ಟಿದ್ದ. ಮುಖದ ಮೇಲೆ ನೊಣ ಕೂತರೂ ರೆಪ್ಪೆ ಅಲುಗಿಸಬಾರದೆಂದು ಕನ್ನಡಿಯ ಮುಂದೆ ಕೂರಿಸಿ ಸಾಧನೆ ಮಾಡಿಸಿದ್ದ. ಆ ಕನ್ನಡಿಯಲ್ಲಿ ಮುಖ ಕಾಣುವುದಿಲ್ಲವಲ್ಲ ಎಂದು ಒಮ್ಮೆ ಜೆರಾಕ್ಸ್ ಅಂಗಡಿಯಾಕೆ ಕೇಳಿದಳು.

"ಅದಕ್ಕೇ ಅಲ್ವೇನಮ್ಮಾ ಅದು ಸಾಧನೆ" ಎಂದ ಡಬಲ್ಲಣ್ಣ.

ಇನ್ನೊಂದು ಕಥೆಯಲ್ಲಿ ಅಪ್ಪನೇ ಇರಲಿಲ್ಲ. ಕಾಲೇಜಿನ ಹಾಸ್ಟೆಲಿನಲ್ಲಿ ಕಾಲು ಉಳುಕಿಸಿಕೊಂಡು ಮಲಗಿದ್ದ ಗೆಳತಿಯೊಬ್ಬಳಿಗೆ ಹೊತ್ತು ಹೋಗಲೆಂದು ಇವಳು ಪೋಕರ್ ಎಂಬ ಇಸ್ಪೀಟಾಟ ಕಲಿತಳು. ಗೆಳತಿಯ ಕಾಲು ವಾಸಿಯಾಯಿತು, ಇವಳಿಗೆ ಹಿಡಿದದ್ದು ಬಿಡಲಿಲ್ಲ. ಲೆಕ್ಕ ತಪಾಸಣೆಯ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಹಗಲು ಬೇರೆಯವರ ಲೆಕ್ಕ, ಸಂಜೆ ಕಂಪ್ಯೂಟರಿನ ಮುಂದೆ ಎಲೆಗಳ ಲೆಕ್ಕ. ಮೊದಲು ಸೋತಳು, ಚೆನ್ನಾಗಿಯೇ ಸೋತಳು. ಸೋತ ಆಟವನ್ನು ಮತ್ತೆ ಬಿಚ್ಚಿ, ಎಲ್ಲಿ ದುರಾಸೆ ಮಾಡಿದೆ, ಎಲ್ಲಿ ಹೆದರಿದೆ ಎಂದು ಹೊಲಿಗೆ ಬಿಚ್ಚಿದಂತೆ ಬಿಚ್ಚಿ ನೋಡುವ ತಾಳ್ಮೆ ಅವಳಿಗಿತ್ತು. ಒಂದು ಹೋಟೆಲಿನ ನೆಲಮಾಳಿಗೆಯಲ್ಲಿ ನಡೆದ ಮೊದಲ ಪಂದ್ಯದಲ್ಲಿ ಸುತ್ತ ಕೂತ ಗಂಡಸರು "ತಂಗಿ, ಹೀಗಲ್ಲ, ಹಾಗೆ" ಎಂದು ಪಾಪ ಆಟ ಹೇಳಿಕೊಟ್ಟರು. ಇವಳು ಪ್ರತಿಯೊಬ್ಬರಿಗೂ ಥ್ಯಾಂಕ್ಸ್ ಹೇಳಿ, ಪ್ರತಿಯೊಬ್ಬರು ಪಣಕ್ಕಿಟ್ಟ ಬಿಲ್ಲೆಗಳನ್ನೂ ತನ್ನ ಕಡೆ ಎಳೆದುಕೊಂಡು ಎದ್ದಳು. ಆಮೇಲೆ ಕೆಲಸ ಬಿಟ್ಟಳು.

ಅದನ್ನು ಫೋನಿನಲ್ಲಿ ಹೇಳಿದ ದಿನ ಡಬಲ್ಲಣ್ಣ ಬಾಯಿಗೆ ಬೀಗ ಹಾಕಿಕೊಂಡ. "ಜೂಜಾ?" ಎಂದಷ್ಟೇ ಕೇಳಿದ. "ಆಟ ಅಪ್ಪ" ಎಂದಳು. ಫೋನಿಟ್ಟವನು ಹೆಂಡತಿಗೆ, "ಯಾರ ಹತ್ರಾನೂ ಉಸಿರೆತ್ತಬೇಡ" ಎಂದ. ಬೀದಿಗೆ ಬಂದು ಮಗಳಿಗೆ ಪ್ರಮೋಷನ್ ಆಯಿತು, ಹೆಡ್ಡಾಫೀಸಿಗೆ ಹಾಕಿದ್ದಾರೆ, ಹೋಗಿ ಬರಲು ಕಾರು, ಕಾರಿಗೆ ಇಬ್ಬರು ಡ್ರೈವರು, ಒಬ್ಬ ಬಲಕ್ಕೆ ತಿರುಗಿಸಲು, ಒಬ್ಬ ಎಡಕ್ಕೆ ತಿರುಗಿಸಲು ಎಂದ. ಅವಳು ಫೋನು ಮಾಡಿದಾಗಲೆಲ್ಲ "ಊಟ ಆಯ್ತಾ" ಎನ್ನುತ್ತಿದ್ದ. ಆಟ ಹೇಗೆ ನಡೆಯಿತು ಎಂದು ಒಂದು ಸಲವೂ ಬಾಯಿ ಬಿಟ್ಟು ಕೇಳಲಿಲ್ಲ. ಅವಳಾಗಿ ಹೇಳಹೊರಟರೆ ಗಿರಾಕಿ ಬಂದ ಎಂದು ಇಟ್ಟುಬಿಡುತ್ತಿದ್ದ. ಅಂಗಡಿಯಲ್ಲಿ ಒಂದು ನರಪಿಳ್ಳೆಯೂ ಇರುತ್ತಿರಲಿಲ್ಲ.

ಗುಟ್ಟು ರಟ್ಟಾದದ್ದು ಟೀ ಅಂಗಡಿಯ ಟಿವಿಯಲ್ಲಿ. ದೊಡ್ಡ ಪಂದ್ಯವೊಂದನ್ನು ಗೆದ್ದ ಹುಡುಗಿ ಎಂದು ಅವಳ ಮುಖ ಗೋಡೆಯಗಲ ತುಂಬಿಕೊಂಡಿತು. ಬೀದಿಗೆ ಬೀದಿಯೇ ಡಬಲ್ಲಣ್ಣನ ಕಡೆ ತಿರುಗಿತು. ವಾಚ್ ರಿಪೇರಿಯವನು, "ಏನಯ್ಯಾ ಡಬಲ್ಲು, ಹೆಡ್ಡಾಫೀಸಲ್ಲಿ ಇಸ್ಪೀಟು ಆಡಿಸ್ತಾರಾ?" ಎಂದ.

ಬಾಯಲ್ಲಿದ್ದ ಟೀ ಗುಟುಕು ಗಂಟಲಿಗಿಳಿಯುವಷ್ಟರಲ್ಲಿ ಡಬಲ್ಲಣ್ಣ ಸಾವರಿಸಿಕೊಂಡ. "ಮತ್ತೆ? ಕಲಿಸಿದ್ದು ಯಾರು ಅಂದ್ಕೊಂಡ್ರಿ?"

ಅಂದಿನಿಂದ ಅವನು ಗುರು. ಬಿಸಿನೀರಿನಂತೆ ಹಬೆಯಾಡುವ ಗುರು. ಶೂ ಕೊಳ್ಳಲು ಬಂದವರು ಪೋಕರ್ ಕೇಳಿಸಿಕೊಂಡು, ಶೂ ಮರೆತು ಹೋಗುತ್ತಿದ್ದರು. ಗುರುವಿಗೆ ಆಟದ ಗಂಧಗಾಳಿಯೂ ಇರಲಿಲ್ಲ ಎಂಬುದು ಬೇರೆ ಮಾತು. ಆಟದಲ್ಲಿ ಯಾವ ಎಲೆಗಳ ಜೋಡಣೆ ಯಾವುದಕ್ಕಿಂತ ದೊಡ್ಡದು ಎಂದು ಯಾರಾದರೂ ಕೇಳಿದರೆ, "ಅದು ಕೈ ಮೇಲೆ ಹೋಗತ್ತೆ" ಎನ್ನುತ್ತಿದ್ದ. ಕೇಳಿದವರು ತಮ್ಮ ಅಂಗೈ ನೋಡಿಕೊಳ್ಳುತ್ತಿದ್ದರು.

ಇಷ್ಟೆಲ್ಲ ಬಂಡಲ್‌ಗಳ ನಡುವೆ ಅವನ ಹತ್ತಿರ ಒಂದು ನಿಜವಿತ್ತು. ಮಗಳು ಚಿಕ್ಕವಳಿದ್ದಾಗ, ಹಲ್ಲುಜ್ಜಿದೆಯಾ ಎಂದರೆ ಹೂಂ ಅನ್ನುವಳು. ಮುಖ ನೋಡಿದರೆ ದೇವರಾಣೆ ಉಜ್ಜಿದ್ದಾಳೆ. ಆದರೆ ಡಬಲ್ಲಣ್ಣ ನೋಡುತ್ತಿದ್ದದ್ದು ಮುಖವನ್ನಲ್ಲ. ಸುಳ್ಳು ಹೇಳುವಾಗಲೆಲ್ಲ ಅವಳ ಬಲಗಾಲಿನ ಹಿಮ್ಮಡಿ ಚಪ್ಪಲಿಯಿಂದ ಮೆಲ್ಲಗೆ ಮೇಲೇಳುತ್ತಿತ್ತು, ಬಿಲದಿಂದ ಮೊಲ ತಲೆ ಹೊರಗೆ ಹಾಕಿದಂತೆ. ಅವಳಿಗೇ ಅದು ತಿಳಿದಿರಲಿಲ್ಲ. ಅವನು ಹೆಂಡತಿಗೂ ಹೇಳಿರಲಿಲ್ಲ. ಕಂಡದ್ದನ್ನೂ ಕಾಣದ್ದನ್ನೂ ಊರಿಗೆಲ್ಲ ಹಂಚುವ ಆ ಬಾಯಿ ಈ ಒಂದನ್ನು ಮಾತ್ರ ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿತ್ತು. ನೆನೆದಾಗಲೆಲ್ಲ ಅವನಿಗೆ ಒಳಗೊಳಗೇ ನಗು ಬರುತ್ತಿತ್ತು.

ವರ್ಷದ ಅತಿ ದೊಡ್ಡ ಪಂದ್ಯಕ್ಕೆ ಒಂದು ವಾರ ಇರುವಾಗ, ಬೀದಿ ಮಂಕಾಗಿದ್ದ ಒಂದು ಮಧ್ಯಾಹ್ನ, ನೀಲಿ ಶರ್ಟಿನವನೊಬ್ಬ ಅಂಗಡಿ ಹೊಕ್ಕ. ಒಳ್ಳೆಯ ಪಾದಗಳು, ಆದರೆ ತುಳಿದು ಸವೆಸಿದ ಶೂ. ಹೊಸಿಲಲ್ಲೇ ನಿಂತು, "ಸರ್, ಮೊದಲೇ ಹೇಳ್ಬಿಡ್ತೀನಿ. ಮುಂದಿನ ವಾರ ನಿಮ್ಮ ಮಗಳ ಎದುರು ಆಡೋರಲ್ಲಿ ನಾನೂ ಒಬ್ಬ. ಈ ಕಡೆ ಬಂದಿದ್ದೆ, ಅವರ ತಂದೆಯವರ ಅಂಗಡಿ ಇಲ್ಲೇ ಅಂದ್ರು. ನೋಡ್ಕೊಂಡು ಒಂದು ಜೊತೆ ಶೂ ತಗೊಂಡು ಹೋಗೋಣ ಅಂತ" ಎಂದ.

"ಬನ್ನಿ ಬನ್ನಿ, ಕೂತ್ಕೊಳ್ಳಿ" ಎಂದ ಡಬಲ್ಲಣ್ಣ. ಹಗೆಯ ಕಡೆಯ ದಂಡನಾಯಕನೇ ಕಾಲು ಚಾಚಿ ಕೂತಂತೆ ಅವನಿಗೆ ಹಿಗ್ಗಾಯಿತು. ಒಂದು ಜೊತೆ ತೊಡಿಸುವಷ್ಟರಲ್ಲಿ ಡಾಕ್ಟರಮ್ಮನ ಕಥೆ ಮುಗಿದಿತ್ತು, ಎರಡನೆಯದಕ್ಕೆ ಕನ್ನಡಿ ಸಾಧನೆ, ಮೂರನೆಯದಕ್ಕೆ ಡಬ್ಬದ ಮುಚ್ಚಳದ ಎಲೆಗಳು. ನೀಲಿ ಶರ್ಟಿನವನು ಎಲ್ಲಕ್ಕೂ ತಲೆಯಾಡಿಸಿದ. ನಾಲ್ಕನೆಯ ಜೊತೆ ಹಿಡಿಸಿತು. ದುಡ್ಡು ಕೊಟ್ಟು ಎದ್ದು, ಬಾಗಿಲ ಹತ್ತಿರ ನಿಂತು, ಒಂದು ಸಣ್ಣ ನಗು ನಕ್ಕ.

"ಬೇಜಾರು ಮಾಡ್ಕೋಬೇಡಿ ಸರ್. ಅವರು ಒಂದು ಸಲ ಹೇಳಿದ್ರು, ನಮ್ಮಪ್ಪಂಗೆ ಆಟ ಗೊತ್ತಿಲ್ಲ, ನನ್ನ ಬಗ್ಗೆ ಕೇಳೋದೂ ಇಲ್ಲ ಅಂತ. ನಿಮ್ಮ ಕಥೆ ಚೆನ್ನಾಗಿದೆ. ಬರ್ತೀನಿ."

ಅವನು ಬೈಯಲಿಲ್ಲ, ಹಂಗಿಸಲಿಲ್ಲ. ಡಬ್ಬ ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲಿಳಿದ. ಡಬಲ್ಲಣ್ಣನ ಕಿವಿ ಕಾದ ಇಸ್ತ್ರಿಪೆಟ್ಟಿಗೆಯಾಯಿತು. ಗಿಡ್ಡ ಸ್ಟೂಲಿನಿಂದ ಎದ್ದವನೇ ಬಾಗಿಲಿಗೆ ಓಡಿದ.

"ಏನ್ರೀ, ನಿಲ್ಲಿ! ನಂಗೇನೂ ಗೊತ್ತಿಲ್ವಾ? ಅವಳು ಸುಳ್ಳು ಆಡೋವಾಗ ಏನು ಮಾಡ್ತಾಳೆ ಹೇಳ್ಲಾ? ಅವಳಿಗೇ ಗೊತ್ತಿಲ್ಲ ಅದು. ನಂಗೆ ಗೊತ್ತು!"

ನೀಲಿ ಶರ್ಟಿನವನು ತಿರುಗಿ ನಿಂತ. ಕೇಳಲೂ ಇಲ್ಲ, ಬೇಡವೆನ್ನಲೂ ಇಲ್ಲ. ಡಬಲ್ಲಣ್ಣ ಹೇಳಿದ. ಬಲಗಾಲು, ಹಿಮ್ಮಡಿ, ಎಲ್ಲ. ಜೀವಮಾನದಲ್ಲಿ ಮೊದಲ ಬಾರಿಗೆ ಏನನ್ನೂ ಡಬಲ್ ಮಾಡದೆ, ಇದ್ದದ್ದು ಇದ್ದ ಹಾಗೆ ಹೇಳಿದ. ಆ ಮನುಷ್ಯನ ನಗು ನಿಂತುಹೋಯಿತು. ಅದನ್ನು ಕಂಡು ಡಬಲ್ಲಣ್ಣನಿಗೆ ಒಂದು ನಿಮಿಷ ಗೆದ್ದಂತಾಯಿತು. ಅವನು ಬೀದಿಯ ತಿರುವಿನಲ್ಲಿ ಮರೆಯಾದ ಮೇಲೆ ತಾನೇ ಗಿರಾಕಿಗಳ ಬೆಂಚಿನ ಮೇಲೆ ಕೂತುಬಿಟ್ಟ.

ಪಂದ್ಯದ ಹಿಂದಿನ ದಿನ ಮಗಳು ಫೋನು ಮಾಡಿದಳು. "ಅಪ್ಪ, ನಾಳೆ. ಹರಸು."

"ಊಟ ಆಯ್ತಾ?"

"ಆಯ್ತು."

"ಪುಟ್ಟಿ, ಕಾಲಿಗೆ ಏನು ಹಾಕ್ಕೊಂಡಿರ್ತೀಯ?"

"ಇನ್ನೇನು, ನೀನು ಕೊಟ್ಟಿದ್ದೇ. ಲೇಸಿಲ್ಲದ ಕಪ್ಪು ಶೂ. ಯಾವತ್ತೂ ಅದೇ ಅಲ್ವಾ?"

"ಲೇಸಿನದು ಹಾಕ್ಕೋ ನಾಳೆ. ಬಿಗಿಯಾಗಿ ಕಟ್ಟಿದ್ದು."

"ಯಾಕಪ್ಪ?"

ಅಲ್ಲಿತ್ತು ಜಾಗ, ಹೇಳಲಿಕ್ಕೆ. ಎರಡು ಮಾತಿನ ಕೆಲಸ. ಡಬಲ್ಲಣ್ಣ ಬಾಯಿ ತೆರೆದ, ಮುಚ್ಚಿದ. ಹಿಮ್ಮಡಿಯ ವಿಷಯ ಹೇಳಿದರೆ ಈಗ ಯಾಕೆ ಹೇಳುತ್ತಿದ್ದೀಯ ಎನ್ನುತ್ತಾಳೆ. ಅದಕ್ಕೆ ಉತ್ತರ ಕೊಡಬೇಕೆಂದರೆ ನೀಲಿ ಶರ್ಟಿನವನ ವಿಷಯ ಹೇಳಬೇಕು. "ಸುಮ್ನೆ. ಈಗ ಅದೇ ಫ್ಯಾಷನ್ನು" ಎಂದ.

ಅವಳು ನಕ್ಕಳು. "ನಿನ್ನಂಗಡಿದು ಬಿಟ್ಟು ಬೇರೆ ಹಾಕಲ್ಲ ನಾನು. ಅಪ್ಪ, ಇದೇ ಮೊದಲ ಸಲ ನೀನು ಆಟದ ದಿನದ್ದು ಏನಾದ್ರೂ ಕೇಳಿದ್ದು. ಗೊತ್ತಾ?"

"ಗಿರಾಕಿ ಬಂದ" ಎಂದು ಇಟ್ಟುಬಿಟ್ಟ.

ಮಾರನೆಯ ದಿನ ಜೆರಾಕ್ಸ್ ಅಂಗಡಿಯಾಕೆ ತನ್ನ ಟಿವಿಯನ್ನೇ ಹೊತ್ತು ತಂದು ಚಪ್ಪಲಿ ಅಂಗಡಿಯ ಡಬ್ಬಗಳ ಮೇಲಿಟ್ಟಳು. ಇಡೀ ಬೀದಿ ಒಳಗೆ ತುಂಬಿ, ಉಳಿದದ್ದು ಹೊರಗೆ ನಿಂತಿತು. ಅಷ್ಟು ಜನ ಒಟ್ಟಿಗೆ ಉಸಿರು ಬಿಟ್ಟಾಗ ಗಾಜಿನ ಹಿಂದಿನ ಎಡಗಾಲಿನ ಶೂಗಳು ಬೆವತವು. ಆಟಗಾರರು ಒಬ್ಬೊಬ್ಬರಾಗಿ ಎದ್ದುಹೋಗಿ ಕೊನೆಗೆ ಮೇಜಿನಲ್ಲಿ ಉಳಿದದ್ದು ಇಬ್ಬರು. ಒಬ್ಬಳು ಮಗಳು. ಇನ್ನೊಬ್ಬ ಅವನೇ, ಇವತ್ತು ಬಿಳಿ ಶರ್ಟು. ಶೂ ಮಾತ್ರ ಡಬಲ್ಲಣ್ಣನ ಅಂಗಡಿಯದು, ನೋಡಿದ ಕೂಡಲೇ ತಿಳಿಯಿತು.

"ಹೇಳಣ್ಣ, ಗುರುಗಳು ನೀವೇ, ಈಗ ಏನು ನಡೀತಿದೆ?" ಎಂದಳು ಜೆರಾಕ್ಸ್ ಅಂಗಡಿಯಾಕೆ.

ಡಬಲ್ಲಣ್ಣ ಹೇಳುವ ಮೊದಲೇ ಟಿವಿಯವರೇ ಹೇಳಿದರು. ಮಗಳ ಕೈಯಲ್ಲಿ ಏನೂ ಇಲ್ಲ. ನೋಡುವವರಿಗೆ ಎರಡೂ ಎಲೆ ಕಾಣುತ್ತಿದ್ದವು, ಎರಡೂ ಕಸ. ಆದರೂ ಅವಳು ಎದುರಿದ್ದ ಬಿಲ್ಲೆಗಳ ಗೋಪುರವನ್ನೆಲ್ಲ ಎರಡು ಕೈಯಿಂದ ಮುಂದಕ್ಕೆ ತಳ್ಳಿದಳು. ಎಲ್ಲ ಇದೆ ಎಂಬಂತೆ ನಂಬಿಸುವ ಆಟ ಅದು. ಅವನು ಹೆದರಿ ಎಲೆ ಬಿಟ್ಟರೆ ಇವಳು ಗೆದ್ದಳು. ಹೆದರದೆ ಅವನೂ ಹಾಕಿದರೆ ಇವಳದು ಬಯಲು. ಅವಳ ಮುಖ ನೋಡಿ ಬೀದಿಯ ಅರ್ಧ ಜನ, ಎಲೆ ಕಣ್ಣಾರೆ ಕಂಡಿದ್ದರೂ, ಇರಬಹುದೇನೋ ಎಂದು ನಂಬಿಬಿಟ್ಟರು. ಅಂಥ ಮುಖ. ಆ ಮನುಷ್ಯ ಬೆವರು ಒರೆಸಿಕೊಂಡ. ಎಲೆ ಬಿಡಲು ಕೈ ಎತ್ತಿದ. ಆಮೇಲೆ ಅವನ ಬೆರಳಿನಿಂದ ಒಂದು ಬಿಲ್ಲೆ ಜಾರಿ ನೆಲಕ್ಕೆ ಬಿತ್ತು.

"ಕೈ ನಡುಗ್ತಿದೆ ನೋಡ್ರೋ, ಉಚ್ಚೆ ಹೊಯ್ಕೋತಾನೆ!" ಎಂದು ಯಾರೋ ಕೂಗಿದರು. ಬೀದಿ ಘೊಳ್ಳೆಂದಿತು.

ಅವನು ಬಿಲ್ಲೆ ಹೆಕ್ಕಲು ಮೇಜಿನ ಕೆಳಗೆ ಬಗ್ಗಿದ. ಬೇಕಾದದ್ದಕ್ಕಿಂತ ಒಂದು ಗಳಿಗೆ ಹೆಚ್ಚು ಹೊತ್ತು ಅಲ್ಲಿದ್ದ. ಮೇಲೆದ್ದು ತನ್ನ ಗೋಪುರವನ್ನೂ ಮುಂದಕ್ಕೆ ತಳ್ಳಿದ.

ಬೀದಿಯ ನಗು ಹಾಗೇ ಬಾಯಲ್ಲಿ ಒಣಗಿತು. ಮಗಳು ಎಲೆ ತಿರುಗಿಸಿ ತೋರಿಸಿ, ಎದ್ದು ಅವನ ಕೈ ಕುಲುಕಿದಳು. ಲೋಕಕ್ಕೇ ಎರಡನೆಯವಳು. ಟೀ ಅಂಗಡಿಯವನು ಪುಕ್ಕಟೆ ಟೀ ಹಂಚಲು ಶುರುಮಾಡಿದ್ದ. ಅಷ್ಟರಲ್ಲಿ ಗೆದ್ದವನ ಮುಂದೆ ಮೈಕು ಹಿಡಿದು, ಅಂಥ ಮುಖವನ್ನು ಹೇಗೆ ಓದಿದಿರಿ ಎಂದು ಕೇಳಿದರು.

"ಮುಖ ಓದೋಕೆ ನನ್ನಿಂದ ಆಗ್ಲಿಲ್ಲ. ಕಾಲು ನೋಡಿದೆ. ಅವರ ತಂದೆ ಹೇಳಿದ್ರು, ಸುಳ್ಳು ಆಡೋವಾಗ ಬಲಗಾಲಿನ ಹಿಮ್ಮಡಿ ಶೂನಿಂದ ಆಚೆ ಬರತ್ತೆ ಅಂತ. ತುಂಬಾ ಪ್ರೀತಿಯಿಂದ ಹೇಳಿದ್ರು" ಎಂದ ಅವನು.

ಅಂಗಡಿಯೊಳಗೆ ಕಣ್ಣುಗಳೆಲ್ಲ ಒಂದೇ ಕಡೆ ತಿರುಗಿದವು. ಟೀ ಅಂಗಡಿಯವನ ಕೈ ಕೆಟಲಿನ ಜೊತೆ ಗಾಳಿಯಲ್ಲೇ ನಿಂತಿತು. ಡಬಲ್ಲಣ್ಣನಿಗೆ ನೆಲ ಬಾಯಿ ಬಿಟ್ಟು ನುಂಗಿದ್ದರೆ ಸಾಕಿತ್ತು. ನೆಲ ಬಾಯಿ ಬಿಡಲಿಲ್ಲ, ಅವನೇ ಬಿಟ್ಟ.

"ಮೋಸ! ಟಿವಿಯವನು ಅಂತ ಹೇಳ್ಕೊಂಡು ಬಂದಿದ್ದ ಕಣ್ರೀ ಆ ಬಡ್ಡಿಮಗ! ಕೊರಳಲ್ಲಿ ಕಾರ್ಡು, ಕೈಯಲ್ಲಿ ಕ್ಯಾಮೆರಾ. ಮಗಳ ಬಾಲ್ಯದ ಬಗ್ಗೆ ಹೇಳಿ ಅಂದ. ನಾನು ಹೆತ್ತ ಕರುಳು, ಹೇಳ್ದೆ!"

ಬೀದಿ ಕುದಿಯಿತು. ಜೆರಾಕ್ಸ್ ಅಂಗಡಿಯಾಕೆ, "ಅಣ್ಣ, ಇದನ್ನ ಹಾಗೇ ಇನ್ನೊಂದ್ಸಲ ಹೇಳಿ" ಎಂದು ಫೋನು ಹಿಡಿದಳು. ಇನ್ನೊಂದು ಸಲ ಹೇಳುವಾಗ ಕ್ಯಾಮೆರಾ ಎರಡಾದವು. ಹಿಂದೆ ದೀಪ ಹಿಡಿದವನೊಬ್ಬ ಹುಟ್ಟಿಕೊಂಡ. ಕುಡಿಸಿದ ಟೀಯಲ್ಲಿ ಏನೋ ಬೆರೆಸಿದ್ದರು, ನಾಲಿಗೆ ತನ್ನಷ್ಟಕ್ಕೆ ಆಡತೊಡಗಿತು. ಡಬಲ್ಲಣ್ಣನ ನಾಲಿಗೆ ತನ್ನಷ್ಟಕ್ಕೆ ಆಡಲು ಯಾವ ಟೀಯೂ ಬೇಕಿರಲಿಲ್ಲ. ಆದರೂ ಆ ದಿನ ಯಾರೂ ಅರ್ಧ ಮಾಡಿ ನೋಡಲಿಲ್ಲ. ವಿಡಿಯೊ ಸಂಜೆಯೊಳಗೆ ಊರು ದಾಟಿತು, ಮಾರನೆಯ ದಿನ ದೇಶ ದಾಟಿತು. ಕಂಡಕಂಡವರೆಲ್ಲ ಗೆದ್ದವನ ಜನ್ಮ ಜಾಲಾಡಿದರು. ಜನ ಅಂಗಡಿಗೆ ಬಂದು ಕೈ ಹಿಡಿದು, "ಎಂಥ ಅನ್ಯಾಯ ಆಯ್ತು ನಿಮಗೆ" ಎಂದರು. ಡಬಲ್ಲಣ್ಣ ತಲೆ ತಗ್ಗಿಸಿ ಅವರ ಪಾದಗಳನ್ನೇ ನೋಡುತ್ತಿದ್ದ. ದುಃಖ ಎಂದುಕೊಂಡರು.

ಮಗಳು ಬಂದಳು. ಬೆನ್ನಿಗೊಂದು ಚೀಲ, ಕಣ್ಣ ಕೆಳಗೆ ಕಪ್ಪು. ವಾಚ್ ರಿಪೇರಿಯವನೂ ಜೆರಾಕ್ಸ್ ಅಂಗಡಿಯಾಕೆಯೂ ಹಿಂದೆಯೇ ಒಳಗೆ ಬಂದರು. ಅವಳು ಯಾರನ್ನೂ ಹೋಗಿ ಎನ್ನಲಿಲ್ಲ. ಬೆಂಚಿನ ಮೇಲೆ ಕೂತು, ಕಪ್ಪು ಶೂ ಕಳಚಿ ಪಕ್ಕಕ್ಕಿಟ್ಟಳು.

"ಅಪ್ಪ, ಲೇಸಿನದು ಒಂದು ಜೊತೆ ಕೊಡು."

ಡಬಲ್ಲಣ್ಣ ಕೊಕ್ಕೆಕೋಲಿನಿಂದ ಡಬ್ಬ ಇಳಿಸಿ, ಸ್ಟೂಲಿನ ಮೇಲೆ ಕೂತು, ಅವಳ ಪಾದವನ್ನು ಕಾಲ್ಮಣೆಯ ಮೇಲೆ ತೆಗೆದುಕೊಂಡ. ಶೂ ಒಳಗಿನ ಕಾಗದ ತೆಗೆದು ಪಕ್ಕಕ್ಕಿಟ್ಟ. ಅವಳು ಅಪ್ಪನ ನೆತ್ತಿಯ ಮೇಲಿಂದ ಗೋಡೆಯನ್ನು ನೋಡುತ್ತ ಮಾತಾಡಿದಳು.

"ಪಂದ್ಯ ನಡೆಸೋರು ನಂಗೆ ಫೋನ್ ಮಾಡಿದ್ರು. ಅವನು ಸುಳ್ಳು ಹೇಳ್ಕೊಂಡು ನಿನ್ನ ಹತ್ರ ಬಂದಿದ್ರೆ ಅದು ಮೋಸ. ಅವನ ಬಹುಮಾನ ಕಿತ್ಕೋತಾರೆ, ಇನ್ನು ಯಾವ ಮೇಜಲ್ಲೂ ಕೂರೋ ಹಾಗಿಲ್ಲ. ತಾನು ಯಾರು ಅಂತ ನಿಜ ಹೇಳಿ ಬಂದಿದ್ರೆ, ಅದು ಆಟ. ನಾನು ಸೋತೆ ಅಷ್ಟೆ. ಇವತ್ತು ನಾನು ಅವರಿಗೆ ಯಾವುದು ಅಂತ ಹೇಳ್ಬೇಕು. ನಾನು ಹೇಳಿದ್ದಕ್ಕೆ ನನ್ನ ಹೆಸರು ಇರತ್ತೆ ಅಪ್ಪ. ಈ ಕೆಲಸದಲ್ಲಿ ನಂಗಿರೋದು ಅದೊಂದೇ. ಮೇಜಿನ ಮೇಲೆ ಸುಳ್ಳು, ಎದ್ದ ಮೇಲೆ ಇಲ್ಲ."

"ಮೋಸಾನೇ ಪುಟ್ಟಿ. ಹೇಳ್ದೆನಲ್ಲ ವಿಡಿಯೋದಲ್ಲಿ" ಎಂದ ಡಬಲ್ಲಣ್ಣ, ಲೇಸು ಪೋಣಿಸುತ್ತ.

"ಟಿವಿಯವನು ಅಂದನಾ?"

"ಹೂಂ. ಕ್ಯಾಮೆರಾ ಇತ್ತು. ಇಷ್ಟುದ್ದ. ಮೂರು ಕಾಲಿಂದು."

"ಮೊದಲು ಕೈಯಲ್ಲಿ ಹಿಡಿದಿದ್ದ ಅಂದೆ ಕಣಯ್ಯ" ಎಂದ ವಾಚ್ ರಿಪೇರಿಯವನು. "ಮೂರು ಕಾಲಿಂದು ಯಾವಾಗ ಬಂತು? ಅವತ್ತೆಲ್ಲ ನಾನು ಪಕ್ಕದಲ್ಲೇ ಇದ್ದೆ, ನಂಗೆ ಒಂದು ಕಾಲೂ ಕಾಣ್ಲಿಲ್ಲ."

"ನೀನು ಕಣ್ಣಿಗೆ ಭೂತಗನ್ನಡಿ ಹಾಕ್ಕೊಂಡು ಗಡಿಯಾರದ ಹೊಟ್ಟೆ ಒಳಗಿದ್ದೆ. ನಿಂಗೇನು ಕಾಣತ್ತೆ?"

"ತಾತ, ಬಿಡಿ" ಎಂದಳು ಮಗಳು. "ನಾನು ನಿನ್ನ ಮುಖ ನೋಡ್ತಿಲ್ಲ ಅಪ್ಪ. ಬಂದಾಗಿಂದ ನೋಡಿಲ್ಲ. ನೋಡಿದ್ರೆ ಗೊತ್ತಾಗಿಬಿಡತ್ತೆ ನಂಗೆ, ಅದೇ ನನ್ನ ಹೊಟ್ಟೆಪಾಡು. ನಾನಾಗಿ ಕಂಡುಹಿಡಿದ್ರೆ ನಿನ್ನನ್ನ ಹಿಡ್ಕೊಟ್ಟ ಹಾಗಾಗತ್ತೆ. ಅದು ಬೇಡ. ನೀನೇ ಹೇಳು. ನೀನು ಏನು ಹೇಳಿದ್ರೂ ಅದನ್ನೇ ಅವರಿಗೆ ಹೇಳ್ತೀನಿ."

ಡಬಲ್ಲಣ್ಣ ಲೇಸನ್ನು ಕಟ್ಟಿದ, ಬಿಚ್ಚಿದ, ಮತ್ತೆ ಕಟ್ಟಿದ. ಸಾವಿರ ಜನರ ಕಾಲಿಗೆ ಕಟ್ಟಿದ ಗಂಟು ಅವನ ಬೆರಳಿಗೆ ಮರೆತುಹೋಗಿತ್ತು.

"ಕಾರ್ಡು ತೋರಿಸಿದ" ಎಂದ ಮೆಲ್ಲಗೆ. "ಕೊರಳಲ್ಲಿತ್ತು."

ಮಗಳು ಗೋಡೆಯಿಂದ ಕಣ್ಣು ಕಿತ್ತು ಕೆಳಗೆ ನೋಡಿದಳು. ಒಂದೇ ಒಂದು ಸಲ, ಅವನ ಮುಖವನ್ನು. ಅವನೂ ತಲೆ ಎತ್ತಿದ್ದ, ಅದೇ ತಪ್ಪಾಯಿತು. ಬೈದಿದ್ದರೆ, ಅತ್ತಿದ್ದರೆ, ಚಪ್ಪಲಿ ತೆಗೆದುಕೊಂಡು ಎರಡು ಬಿಗಿದಿದ್ದರೂ ಅವನಿಗೆ ನಿರಾಳವಾಗುತ್ತಿತ್ತು. ಅವಳು ಏನೂ ಮಾಡಲಿಲ್ಲ. ನೋಡಿ, ಮತ್ತೆ ಗೋಡೆಯ ಕಡೆ ತಿರುಗಿದಳು. ಅಷ್ಟು ಹೊತ್ತೂ ಆ ಮುಖದಲ್ಲಿ ಒಂದು ಗೆರೆಯೂ ಮಿಸುಕಲಿಲ್ಲ. ಲೋಕವೆಲ್ಲ ಕೊಂಡಾಡಿದ ಆ ಮುಖ ಇಷ್ಟು ಹತ್ತಿರದಿಂದ ತನ್ನ ಕಡೆಗೇ ತಿರುಗಿದ್ದನ್ನು ಅವನು ಮೊದಲ ಸಲ ಕಂಡ.

ಅವಳು ಪಂದ್ಯ ನಡೆಸುವವರ ನಂಬರು ಒತ್ತಿ, ಫೋನನ್ನು ಸ್ಪೀಕರಿಗೆ ಹಾಕಿ, ಬೆಂಚಿನ ಮೇಲಿಟ್ಟಳು. "ನನ್ನ ಕೈಲಿ ಹೇಳೋಕಾಗಲ್ಲ ಅಪ್ಪ. ನೀನೇ ಹೇಳು."

"ನಮಸ್ಕಾರ ಸರ್" ಎಂದಿತು ಹೆಂಗಸಿನ ದನಿಯೊಂದು. "ನಿಮಗಾದ ತೊಂದರೆಗೆ ನಾವು ವಿಷಾದಿಸ್ತೀವಿ. ನಿಮ್ಮ ಬಾಯಿಂದಲೇ ಒಂದು ಸಲ ಕೇಳಬೇಕಾಗಿದೆ. ಆ ಆಟಗಾರರು ನಿಮ್ಮ ಅಂಗಡಿಗೆ ಬಂದಾಗ ತಾವು ಯಾರು ಅಂತ ಹೇಳಿದ್ರು?"

ಜೆರಾಕ್ಸ್ ಅಂಗಡಿಯಾಕೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಬೀದಿಯಿಂದ ಇನ್ನೂ ನಾಲ್ಕು ತಲೆ ಇಣುಕಿದವು. ಡಬಲ್ಲಣ್ಣನ ಬಾಯಿಗೆ ದೀಪದವನು ಬಂದ, ಟೀ ಬಂತು, ಮೂರು ಕಾಲಿನ ಕ್ಯಾಮೆರಾ ಬಂತು. ಎಲ್ಲವೂ ಸಾಲಾಗಿ ಬಂದು ಹಲ್ಲಿನ ಹಿಂದೆ ನಿಂತವು.

"ಸರ್, ಇದ್ದೀರಾ?"

"ನಿಜಾನೇ ಹೇಳಿದ್ರಮ್ಮ" ಎಂದ. ಫೋನಿನ ಹತ್ತಿರ ಬಾಗಿ ಇನ್ನೊಮ್ಮೆ ಹೇಳಿದ. "ಅವರು ನಿಜಾನೇ ಹೇಳಿದ್ರು. ನಿಮ್ಮ ಮಗಳ ಎದುರು ಆಡೋನು ಅಂತ. ಬಾಗಿಲಲ್ಲೇ."

"ಟಿವಿ ಕ್ಯಾಮೆರಾ..."

"ಇರ್ಲಿಲ್ಲ. ಕಾರ್ಡೂ ಇರ್ಲಿಲ್ಲ. ಟೀನೂ ಕುಡೀಲಿಲ್ಲ. ಶೂ ತಗೊಂಡ್ರು, ದುಡ್ಡು ಕೊಟ್ರು, ಹೊರಟ್ರು. ಅವರು ಕೇಳ್ಲೇ ಇಲ್ಲ. ನಾನೇ ಹಿಂದೆ ಓಡಿಹೋಗಿ ಹೇಳ್ದೆ."

ಬಾಗಿಲಲ್ಲಿದ್ದ ತಲೆಗಳು ಒಂದೊಂದಾಗಿ ಹಿಂದಕ್ಕೆ ಸರಿದವು. ವಾಚ್ ರಿಪೇರಿಯವನು ಏನೋ ನೆನಪಾದವನಂತೆ ತನ್ನ ಅಂಗಡಿಗೆ ಹೋದ. ಹೋಗುವಾಗ ಒಂದು ಚುಚ್ಚುಮಾತನ್ನೂ ಆಡಲಿಲ್ಲ.

"ಪಂದ್ಯದ ಹಿಂದಿನ ದಿನ ಇವಳು ಫೋನು ಮಾಡಿದ್ಲು" ಎಂದ ಡಬಲ್ಲಣ್ಣ, ಯಾರೂ ಕೇಳದಿದ್ದರೂ. "ಆವಾಗ್ಲಾದ್ರೂ ಹೇಳ್ಬಹುದಿತ್ತು. ನಾಚಿಕೆಯಾಯ್ತು. ಫ್ಯಾಷನ್ನು ಅಂದೆ. ಆಟ ನಾನು ಕಲಿಸಿದ್ದೂ ಸುಳ್ಳು. ನಂಗೆ ಆಟ ಬರಲ್ಲ. ಇವಳು ಆಡೋದನ್ನ ಬೀದಿಯವರ ಹತ್ರ ಮುಚ್ಚಿಟ್ಟಿದ್ದೆ."

ಮಗಳ ಪಾದ ಇನ್ನೂ ಅವನ ಕೈಯಲ್ಲೇ ಇತ್ತು, ಅವಳು ಎಳೆದುಕೊಂಡಿರಲಿಲ್ಲ.

"ಇದು ನನ್ನ ಕೆಲಸಕ್ಕೆ ಬೇಕಾದ ಪ್ರಶ್ನೆ ಅಲ್ಲ ಸರ್" ಎಂದಳು ಆ ಕಡೆಯ ಹೆಂಗಸು. "ಆದ್ರೂ ಕೇಳ್ತೀನಿ. ಅವರು ಎದುರಾಳಿ ಅಂತ ಗೊತ್ತಿದ್ದೂ ಯಾಕೆ ಹೇಳಿದ್ರಿ?"

ಡಬಲ್ಲಣ್ಣ ಫೋನಿನ ಕಡೆ ನೋಡಲಿಲ್ಲ.

"ಇವಳ ಬಗ್ಗೆ ನಂಗೆ ಏನೂ ಗೊತ್ತಿಲ್ಲ ಅಂದ್ಬಿಟ್ರು" ಎಂದ. "ನಂಗೆ ಗೊತ್ತಿದ್ದಿದ್ದು ಅದೊಂದೇ."